ನಿರಾಶ್ರಿತರ ಕೈಗೆ ದುಡ್ಡು ಕೊಟ್ಟರೆ ದುಡಿಯೋದು ಬಿಡ್ತಾರಾ?

ಪ್ರಶ್ನೆ: ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದಿರುವ ನಿರಾಶ್ರಿತ ಕುಟುಂಬ ಸ್ವಂತ ಕಾಲ ಮೇಲೆ ನಿಲ್ಲಬೇಕಾದರೆ ಎಂಥ ಸಹಾಯ ಬೇಕು? ದುಡ್ಡು ಕೊಟ್ಟರೆ ಅದೇ ರೂಢಿಯಾಗಿ ದುಡಿಯೋದು ಬಿಡಲ್ವಾ? ನಮ್ಮ ಪಕ್ಕದ ಬೈಲುಕುಪ್ಪೆಯ ಟಿಬೆಟಿಯನ್ನರಿಗೆ ಎಲ್ಲ ಫಾರಿನ್ ದುಡ್ಡು ಅಂತಾರಲ್ಲ?
— ಕುಶಾಲನಗರದ ಓದುಗರೊಬ್ಬರು

ಉತ್ತರ: ಈ ಪ್ರಶ್ನೆಯ ಮೊದಲ ಭಾಗ ಕೇಳುವವರು ಕಡಿಮೆ. ಎರಡನೇ ಭಾಗವನ್ನು ಸೋಮವಾರಪೇಟೆಯಿಂದ ವಿರಾಜಪೇಟೆವರೆಗೆ ಎಲ್ಲರೂ ಕೇಳುತ್ತಾರೆ. ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಹಾಗಾಗಿ ಮೊದಲನೆಯದನ್ನು ಚುಟುಕಾಗಿ ಮುಗಿಸುತ್ತೇನೆ.

ಕ್ಯಾಂಪಿನಲ್ಲಿ ಇರುವವರಿಗೆ ಡೇರೆಯೋ ರೇಷನ್ನೋ ಏನೋ ಒಂದು ಇರುತ್ತದೆ. ಪಟ್ಟಣಕ್ಕೆ ಬಂದವರಿಗೆ ಅದೂ ಇಲ್ಲ. ಜಗತ್ತಿನ ನಿರಾಶ್ರಿತರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ಪಟ್ಟಣಗಳಲ್ಲೇ. ಬಂದ ತಿಂಗಳಿಂದಲೇ ಬಾಡಿಗೆ ಕಟ್ಟಬೇಕು. ಬೆಂಗಳೂರಾದರೆ ಅಡ್ವಾನ್ಸ್ ಬೇರೆ. ಆದ್ದರಿಂದ ಮೊದಲು ಬಾಡಿಗೆ, ಊಟ, ಔಷಧಿ, ಮಕ್ಕಳ ಶಾಲೆ. ಮನೆ ಒಂದು ಹದಕ್ಕೆ ಬಂದ ಮೇಲೆ ಕಸುಬು: ಹೊಲಿಗೆ ಮಿಷನ್ನು, ತಳ್ಳುಗಾಡಿ, ಸಣ್ಣ ಬಂಡವಾಳ, ಇಲ್ಲವೇ ಸಂಬಳದ ಕೆಲಸ. ಉದ್ದಕ್ಕೂ ಒಬ್ಬರು ಆ ಮನೆಗೆ ಹೋಗಿ ಬಂದು ವಿಚಾರಿಸುತ್ತಿರಬೇಕು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ಶುರು ಮಾಡಿದ ಕ್ರಮ ಹೆಚ್ಚುಕಡಿಮೆ ಇದೇ. ಆಮೇಲೆ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಇದನ್ನು ಈಜಿಪ್ಟ್, ಈಕ್ವೆಡಾರ್‌ನಂಥ ದೇಶಗಳಲ್ಲಿ ನಿರಾಶ್ರಿತರಿಗೂ ತಂದಿತು.

ಈಗ ಆ ಎರಡನೇ ಭಾಗ.

ಸಹಾಯ ಸಿಕ್ಕವರು ಸೋಮಾರಿಗಳಾಗುತ್ತಾರೆ ಅನ್ನುವವರನ್ನು "ನೀವು ಯಾರನ್ನು ನೋಡಿದಿರಿ?" ಅಂತ ಕೇಳಿ. ಯಾರೋ ಹೇಳಿದ್ದು ಅನ್ನುತ್ತಾರೆ. ಆದರೆ ಕೂತು ಲೆಕ್ಕ ತೆಗೆದವರಿದ್ದಾರೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ದೇಶಗಳಲ್ಲಿ ಸರ್ಕಾರಗಳೇ ಬಡವರಿಗೆ ನಗದು ಕೊಡುವ ಏಳು ಯೋಜನೆಗಳನ್ನು ಪರಿಶೀಲಿಸಿದರು. ದುಡ್ಡು ಸಿಕ್ಕವರು ಕೆಲಸ ಕಡಿಮೆ ಮಾಡಿದರು ಅನ್ನಲು ಆಧಾರವೇ ಸಿಗಲಿಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬ್ರ್ಯಾಕ್ ಕ್ರಮವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ನೋಡಿತು. ಸಹಾಯ ನಿಂತು ವರ್ಷವಾದ ಮೇಲೂ ಆ ಮನೆಗಳ ಆದಾಯ, ಊಟ ಮೊದಲಿಗಿಂತ ಚೆನ್ನಾಗಿಯೇ ಇತ್ತು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಒಂದು ಮನೆಯ ಲೆಕ್ಕ ನೀವೇ ಹಾಕಿ. ಐದನೇ ತಾರೀಕು ಬಾಡಿಗೆ ಕಟ್ಟಬೇಕು. ಮನೆಯಾಕೆಗೆ ಹೊಲಿಗೆ ಬರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಇದೆ, ಆದರೆ ಸಂಬಳ ಕೈಗೆ ಬರೋದು ತಿಂಗಳು ದುಡಿದ ಮೇಲೆ. ಅಲ್ಲಿವರೆಗೆ ಮಕ್ಕಳಿಗೆ ಏನು ಹಾಕೋದು? ಸಂಜೆಗೇ ಕೂಲಿ ಕೈಗೆ ಸಿಗುತ್ತದೆ ಅಂತ ಕಸ ಬೇರ್ಪಡಿಸೋಕೆ ಹೋಗುತ್ತಾಳೆ. ನಾಳೆಯೂ ಅದೇ. ದೊಡ್ಡ ಮಗನಿಗೆ ಶಾಲೆ ಬಿಡಿಸಿ ತಮ್ಮನನ್ನು ನೋಡಿಕೊಳ್ಳಲು ಕೂರಿಸುತ್ತಾಳೆ. ಕಾಯಿಲೆ ಬಂದ ದಿನ ಸಾಲ. ಈ ಮನೆಗೆ ಮೂರು ತಿಂಗಳ ಬಾಡಿಗೆ ಕೊಟ್ಟು ನೋಡಿ, ಅವಳು ಗಾರ್ಮೆಂಟ್ಸ್‌ಗೆ ಹೋಗಬಲ್ಲಳು, ಹುಡುಗ ಶಾಲೆಗೆ ಹೋಗಬಲ್ಲ. ಆ ದುಡ್ಡಿಂದಲೇ ಕೆಲಸಕ್ಕೆ ದಾರಿಯಾಗೋದು.

ನಮ್ಮ ಕೊಡಗು ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿರೋದೇ ನನಗೆ ಬೇಸರ. ಮಳೆಗಾಲದಲ್ಲಿ ಬೆಳೆ ಸಾಲ ತೆಗೆದು, ಕಾಫಿ ಕೊಯ್ಲಾದ ಮೇಲೆ ತೀರಿಸುವವರು ನಾವು. ಗೊಬ್ಬರಕ್ಕೆ ಸಾಲ ತಂದ ಬೆಳೆಗಾರರನ್ನು ಯಾರಾದರೂ ಸೋಮಾರಿ ಅಂದಿದ್ದಾರಾ?

ಇನ್ನು ಬೈಲುಕುಪ್ಪೆ. ಅಲ್ಲಿನ ಮಠಗಳಿಗೆ ಹೊರದೇಶದ ದಾನ ಬರುತ್ತದೆ, ಅದು ನಿಜ. ಆದರೆ ಕ್ಯಾಂಪಿನ ಮನೆಗಳ ಬದುಕು ಬೇರೆ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಕೊಟ್ಟಿತು. ಕೊಟ್ಟಿದ್ದು ಕಾಡು. ಹಿಮದ ನಾಡಿನವರು ನಮ್ಮ ಬಿಸಿಲಲ್ಲಿ ಮರ ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದರು. ಹೊಲ ಸಾಲದಾದಾಗ ಸ್ವೆಟರ್ ವ್ಯಾಪಾರಕ್ಕೆ ಇಳಿದರು. ದಸರಾ ಕಳೆಯುವ ಹೊತ್ತಿಗೆ ಮನೆಗೆ ಬೀಗ ಬೀಳುತ್ತದೆ. ಲೂಧಿಯಾನದ ಸಗಟು ಅಂಗಡಿಗಳಿಂದ ಮಾಲು ಬರುತ್ತದೆ, ಬಹಳಷ್ಟು ಉದ್ದರಿಯಲ್ಲೇ. ಚಳಿಗಾಲವಿಡೀ ಯಾವುದೋ ಊರಿನ ಫುಟ್‌ಪಾತಿನಲ್ಲಿ ಕೂತು ಮಾರುತ್ತಾರೆ. ಸಾಲ ತೀರಿಸಿ ತಮ್ಮ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಮನೆಗೆ ಬರುತ್ತಾರೆ. ದುಡಿಯದ ಜನಕ್ಕೆ ಲೂಧಿಯಾನದ ವ್ಯಾಪಾರಿ ವರ್ಷ ವರ್ಷ ಉದ್ದರಿ ಕೊಡ್ತಾನಾ?

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಟಿಬೆಟಿಯನ್ನರ ಪುನರ್ವಸತಿಗೆಂದೇ 1968ರಲ್ಲಿ ನಮ್ಮ ರಾಜ್ಯದಲ್ಲಿ ಮೈರಾಡ ಅನ್ನುವ ಸಂಸ್ಥೆ ಹುಟ್ಟಿತು. ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಅದು ಹಳ್ಳಿಯ ಬಡವರ ಕಡೆ ತಿರುಗಿತು. ಎಂಬತ್ತರ ದಶಕದಲ್ಲಿ ಅದು ಕಟ್ಟಿದ ಸಣ್ಣ ಸಣ್ಣ ಉಳಿತಾಯದ ಗುಂಪುಗಳಿಗೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಬೆಂಬಲ ಕೊಟ್ಟಿತು, 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕಿನಿಂದ ನೇರ ಸಾಲ ಸಿಗುವ ಕಾರ್ಯಕ್ರಮ ಶುರುವಾಯಿತು. ಇವತ್ತು ನಿಮ್ಮ ಮನೆಯಲ್ಲೇ ಯಾರೋ ಸದಸ್ಯೆ ಆಗಿರಬಹುದಾದ ಸ್ವಸಹಾಯ ಸಂಘದ ಒಂದು ಬೇರು ಅಲ್ಲಿದೆ. ಸಂಘದ ದುಡ್ಡು ಪಡೆದು ಹಸು ಕಟ್ಟಿದ ಅಕ್ಕಂದಿರನ್ನು ಕೇಳಿ, ದುಡ್ಡು ಬಂದ ಮೇಲೆ ಕೆಲಸ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ.

ನಿರಾಶ್ರಿತರು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನುವವರಿಗೂ ಒಂದು ಮಾತು. ಉಗಾಂಡದಲ್ಲಿ 2006ರ ಕಾಯ್ದೆ ನಿರಾಶ್ರಿತರಿಗೆ ಕೆಲಸ ಮಾಡುವ ಹಕ್ಕು ಕೊಟ್ಟಿದೆ. ಅಲ್ಲಿನ ರಾಜಧಾನಿ ಕಂಪಾಲದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸಮೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ನಿರಾಶ್ರಿತರಲ್ಲಿ ಶೇ. 21 ಮಂದಿ ಇನ್ನೊಬ್ಬರಿಗೆ ಕೆಲಸ ಕೊಡುವಂಥ ವ್ಯಾಪಾರ ನಡೆಸುತ್ತಿದ್ದರು. ಅವರ ಕೆಲಸಗಾರರಲ್ಲಿ ಶೇ. 40 ಮಂದಿ ಉಗಾಂಡದವರೇ.

ನಮ್ಮಲ್ಲಿ ನಿಜವಾದ ತೊಡಕು ಕಾಗದದ್ದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಟಿಬೆಟಿಯನ್ನರನ್ನು ಸರ್ಕಾರವೇ ನೋಂದಾಯಿಸುತ್ತದೆ. ಮ್ಯಾನ್ಮಾರ್, ಅಫ್ಘಾನಿಸ್ತಾನದಿಂದ ಬಂದವರ ಕೈಯಲ್ಲಿ ಹೆಚ್ಚಾಗಿ ಇರೋದು ವಿಶ್ವಸಂಸ್ಥೆಯ ಕಾರ್ಡು. ಬ್ಯಾಂಕಿಗೆ ಹೋದರೆ ಆಧಾರ್ ಎಲ್ಲಿ ಅಂತಾರೆ, ಸಿಮ್ ಕೇಳಿದರೂ ಅದೇ, ಬಾಡಿಗೆ ಕರಾರಿಗೂ ಅದೇ. ದುಡಿಯೋಕೆ ಸಿದ್ಧ ಇರುವವರನ್ನು ತಡೆಯುತ್ತಿರೋದು ಇದು.

ಇಷ್ಟು ಬರೆದ ಮೇಲೆ, ನೀವು ಕೇಳದಿದ್ದರೂ ನಮ್ಮವರ ಬಗ್ಗೆ ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆ ಕಟ್ಟಿಕೊಟ್ಟರು. ಒಳ್ಳೆಯ ಕೆಲಸ. ಆದರೆ ಮಣ್ಣಿನಡಿ ಹೋದ ಕಾಫಿ, ಏಲಕ್ಕಿ, ಕಾಳುಮೆಣಸಿನ ತೋಟ ವಾಪಸ್ ಬರಲಿಲ್ಲ. ಸ್ವಂತ ತೋಟದ ಫಸಲು ನಂಬಿ ಬದುಕಿದವರು ಅದಿಲ್ಲದೆ ಸಂಸಾರ ಹೇಗೆ ನಡೆಸಬೇಕು? ಇವರು ದೇಶ ಬಿಟ್ಟು ಬಂದವರಲ್ಲ, ಕಾಗದ ಪತ್ರ ಎಲ್ಲ ಇದೆ. ಆದರೂ ಕಷ್ಟದ ಅರ್ಧ ಭಾಗ ಒಂದೇ.

ನಿರಾಶ್ರಿತ ಕುಟುಂಬ ಎಷ್ಟರ ಮಟ್ಟಿಗೆ ನೆಲೆ ನಿಂತಿದೆ ಅಂತ ನೋಡೋಕೆ 2020ರಲ್ಲಿ ಒಂದು ಅಳತೆಪಟ್ಟಿ ಹೊರಬಂತು. ಅದರಲ್ಲಿ 12 ವಿಷಯಗಳಿವೆ. ಮನೆ ಅದರಲ್ಲಿ ಒಂದು ಮಾತ್ರ. ಊಟ, ಶಾಲೆ, ಆರೋಗ್ಯ, ಭದ್ರತೆ, ಕೆಲಸ, ಸಾಲ, ಉಳಿತಾಯ, ಕಷ್ಟಕ್ಕೆ ಆಗಿಬರುವ ನಾಲ್ಕು ಜನ, ಇವೂ ಇವೆ. ನಿಮ್ಮ ಪಂಚಾಯಿತಿಯಲ್ಲಿ ಸಂತ್ರಸ್ತರ ಪಟ್ಟಿ ಮತ್ತೆ ತೆಗೆದರೆ, "ಮನೆ ಹಂಚಿಕೆಯಾಗಿದೆ" ಅನ್ನುವ ಕಾಲಮ್ಮಿನ ಪಕ್ಕದಲ್ಲಿ "ಈಗ ಕೆಲಸ ಏನು, ಸಾಲ ಎಷ್ಟು" ಅನ್ನುವ ಎರಡು ಕಾಲಮ್ಮು ಸೇರಿಸಿ ಅಂತ ಪಿಡಿಒ ಅವರನ್ನು ಕೇಳಿ.