ಅಫ್ರೊಡೈಟಿ ಇದ್ದ ಮೇಲೆ ಆ ಮೂವರು ಯಾಕೆ?

ಪ್ರಶ್ನೆ: ಗ್ರೀಕರ ಸೌಂದರ್ಯ ದೇವತೆ ಅಫ್ರೊಡೈಟಿ ಎಂದು ಓದಿದ್ದೇವೆ. ಹಾಗಾದರೆ ಚಿತ್ರಗಳಲ್ಲಿ ಕೈ ಕೈ ಹಿಡಿದು ನಿಲ್ಲುವ ಆ ಮೂವರು ‘ಗ್ರೇಸ್’ಗಳು ಯಾರು?

ಉತ್ತರ: ‘ರೂಪವೇನೋ ಇದೆ, ಮುಖದಲ್ಲಿ ಕಳೆಯಿಲ್ಲ’ ಅನ್ನುತ್ತೇವಲ್ಲ, ಆ ಕಳೆ ಇವರ ಪಾಲಿನದು. ಗ್ರೀಕರು ಇವರನ್ನು ಖಾರಿಟೀಸ್ ಎಂದು ಕರೆದರು. ಹೆಸಿಯಡ್ ಕವಿಯ ಪ್ರಕಾರ ಇವರು ದೇವತೆಗಳ ರಾಜ ಜ್ಯೂಸ್ ಮತ್ತು ಸಾಗರಪುತ್ರಿ ಯೂರಿನೊಮಿಯ ಮಕ್ಕಳು: ಅಗ್ಲೇಯಾ ಎಂದರೆ ಕಾಂತಿ, ಯೂಫ್ರೊಸಿನಿ ಎಂದರೆ ಉಲ್ಲಾಸ, ಥಲಿಯಾ ಎಂದರೆ ಹಬ್ಬದೂಟದ ಸಮೃದ್ಧಿ. ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯಲ್ಲಿ ಅಫ್ರೊಡೈಟಿಯನ್ನು ಮೀಯಿಸಿ, ಎಣ್ಣೆ ಹಚ್ಚಿ, ಸೊಗಸಾದ ವಸ್ತ್ರ ಉಡಿಸುವವರು ಇವರೇ. ಚೆಲುವಿನ ಒಡತಿಗೂ ಇವರ ಕೈ ತಾಗಬೇಕಿತ್ತು!

ಮೂವರೇ ಎಂಬ ಲೆಕ್ಕವೂ ಎಲ್ಲ ಊರಿನದಲ್ಲ. ಸ್ಪಾರ್ಟಾದವರು ಕ್ಲೀಟಾ, ಫಯೆನ್ನಾ ಎಂಬ ಇಬ್ಬರನ್ನಷ್ಟೇ ಪೂಜಿಸುತ್ತಿದ್ದರು. ಗ್ರೀಸಿನ ಬಿಯೋಷಿಯಾ ಸೀಮೆಯ ಆರ್ಕೊಮೆನಸ್ ಊರಿನಲ್ಲಿ ಆಕಾಶದಿಂದ ಬಿದ್ದವೆಂದು ನಂಬಿದ ಕಲ್ಲುಗಳಿಗೇ ಇವರ ಹೆಸರಿನಲ್ಲಿ ವಿಶೇಷ ಪೂಜೆ ನಡೆಯುತ್ತಿತ್ತೆಂದು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಕಲ್ಲಿನಲ್ಲಿ ದೇವರನ್ನು ಕಂಡ ನಮಗೆ ಇದು ಅಪರಿಚಿತವಲ್ಲ. ಇವರನ್ನು ಬೆತ್ತಲೆಯಾಗಿ ಕಡೆಯುವ ರೂಢಿ ಆಮೇಲಿನದು. ಹಳೆಯ ಮೂರ್ತಿಗಳು ವಸ್ತ್ರ ಉಟ್ಟೇ ಇದ್ದವು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಆ ಹೆಸರಿನೊಳಗಿನ ‘ಖಾರಿಸ್’ ಎಂಬ ಪದ. ಅದಕ್ಕೆ ಲಾವಣ್ಯ ಎಂಬ ಅರ್ಥವಿದೆ, ಉಪಕಾರ ಎಂಬುದಿದೆ, ಉಪಕಾರ ಸ್ಮರಣೆ ಎಂಬುದೂ ಇದೆ. ಇವತ್ತಿನ ಗ್ರೀಕರು ಧನ್ಯವಾದ ಹೇಳುವ ‘ಎಫ್ಖಾರಿಸ್ತೊ’ ಇದೇ ಬೇರಿನದು. ಊರಿನಲ್ಲಿ ಎಲ್ಲರಿಗೂ ಕಾಣುವ ಕಡೆ ಇವರ ಗುಡಿ ಕಟ್ಟುತ್ತಿದ್ದದ್ದು, ಪಡೆದದ್ದನ್ನು ಮರಳಿಸಬೇಕೆಂದು ಜನಕ್ಕೆ ನೆನಪಿರಲಿ ಎಂದೇ, ಅಂತಾನೆ ಅರಿಸ್ಟಾಟಲ್. ಹೆಣೆದ ಆ ಕೈಗಳಿಗೆ ಹಳಬರು ಹೇಳಿದ ಒಂದು ಅರ್ಥವನ್ನು ರೋಮಿನ ತತ್ವಜ್ಞಾನಿ ಸೆನೆಕಾ ಉಳಿಸಿದ್ದಾನೆ: ಒಬ್ಬಳು ಕೊಡುವವಳು, ಒಬ್ಬಳು ಪಡೆಯುವವಳು, ಇನ್ನೊಬ್ಬಳು ಹಿಂದಿರುಗಿಸುವವಳು. ಕೊಟ್ಟದ್ದು ಸುತ್ತಿ ಬರಬೇಕು, ನಡುವೆ ಎಲ್ಲೂ ಕೈ ಬಿಡಬಾರದು.

ಪಾರೊಸ್ ದ್ವೀಪದ ಕಥೆಯೊಂದಿದೆ. ಕ್ರೀಟ್‌ನ ದೊರೆ ಮೈನಾಸ್ ಅಲ್ಲಿ ಇವರಿಗೆ ಬಲಿ ಅರ್ಪಿಸುತ್ತಿದ್ದಾಗ ಮಗ ಆಂಡ್ರೊಜಿಯಸ್ ಸತ್ತ ಸುದ್ದಿ ಬಂತು. ದೊರೆ ತಲೆಯ ಮೇಲಿನ ಹೂವಿನ ಸುತ್ತನ್ನು ಕಿತ್ತೆಸೆದ, ಕೊಳಲು ನಿಲ್ಲಿಸಿದ. ಪೂಜೆಯನ್ನು ಮಾತ್ರ ಮುಗಿಸಿಯೇ ಎದ್ದ. ಆಮೇಲೆ ಪಾರೊಸ್‌ನಲ್ಲಿ ಖಾರಿಟೀಸ್ ಪೂಜೆ ಕೊಳಲಿಲ್ಲದೆ, ಹೂವಿಲ್ಲದೆ ನಡೆಯಿತು.