ಗಾಥಿಕ್ ಕತೆಯ ಮನೆ: ಕೋಟೆಯಿಂದ ಬಾಡಿಗೆ ಕೋಣೆಯವರೆಗೆ

ಪಾಳು ಬಂಗಲೆ, ಗುಡುಗು ಮಳೆ, ಕಿರ್ರೆನ್ನುವ ಬಾಗಿಲು. ಇಷ್ಟಿದ್ದರೆ ಸಾಕು, ಈಗ ಯಾವ ಕತೆಗಾದರೂ ‘ಗಾಥಿಕ್’ ಎಂಬ ಚೀಟಿ ಅಂಟುತ್ತದೆ. ಇತ್ತ ಬಂಗಲೆಯೂ ದೆವ್ವವೂ ಇಲ್ಲದ ಕತೆಗಳನ್ನು ವಿಮರ್ಶಕರು ಅದೇ ಸಾಲಿನಲ್ಲಿ ಕೂರಿಸುತ್ತಾರೆ. ಹಾಗಾದರೆ ಗಾಥಿಕ್ ಎನ್ನುವುದು ಜಾಗದ ಹೆಸರೋ, ಭಯದ ಹೆಸರೋ?

ಮೊದಲಿಗೆ ಅದೊಂದು ಬೈಗುಳ. ಯುರೋಪಿನ ಪುನರುಜ್ಜೀವನ ಕಾಲದವರು ತಮಗೆ ಒರಟಾಗಿ ಕಂಡ ಮಧ್ಯಯುಗದ ಕಟ್ಟಡಗಳನ್ನು, ರೋಮ್ ಮೇಲೆ ದಂಡೆತ್ತಿ ಬಂದ ಗಾಥ್ ಜನರ ಹೆಸರಿಟ್ಟು ಹೀಗಳೆದರು. (ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಚೂಪು ಗೋಪುರಗಳು ಆ ಶೈಲಿಯ ಮರುಹುಟ್ಟು.) ಲಂಡನ್ ಸಮೀಪ ಅದೇ ಶೈಲಿಯ ಮನೆ ಕಟ್ಟಿಸಿಕೊಂಡಿದ್ದ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿ ಪ್ರಕಟಿಸಿದ, ಮರುವರ್ಷದ ಎರಡನೇ ಮುದ್ರಣಕ್ಕೆ ‘ಗಾಥಿಕ್ ಕತೆ’ ಎಂದು ಉಪಶೀರ್ಷಿಕೆ ಕೊಟ್ಟ. ಅದರಲ್ಲಿ ಮದುವೆಯ ದಿನವೇ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಮದುಮಗ ಜಜ್ಜಿಹೋಗುತ್ತಾನೆ. ಇಂದು ಓದಿದರೆ ಹೆದರಿಕೆಗಿಂತ ನಗುವೇ ಬೇಗ ಬರುತ್ತದೆ. ಮೂವತ್ತು ವರ್ಷದ ಬಳಿಕ ಆನ್ ರ‍್ಯಾಡ್‌ಕ್ಲಿಫ್ ನಾಲ್ಕು ಸಂಪುಟಗಳ ಕಾದಂಬರಿಯಲ್ಲಿ ಬೆಟ್ಟ, ಕೋಟೆಗಳನ್ನು ಪುಟಗಟ್ಟಲೆ ಬಣ್ಣಿಸಿದರು.

ಸಣ್ಣಕತೆಗೆ ಅಷ್ಟು ಪುರುಸೊತ್ತಿಲ್ಲ. ಒಂದೇ ಪಟ್ಟಿಗೆ ಕೂತು ಓದಿ ಮುಗಿಸುವ ಕತೆಯಲ್ಲಿ ಮೊದಲ ವಾಕ್ಯವೇ ಉದ್ದೇಶಿಸಿದ ಪರಿಣಾಮದತ್ತ ಸಾಗಬೇಕು ಎಂದು ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1842ರ ಒಂದು ವಿಮರ್ಶೆಯಲ್ಲಿ ವಾದಿಸಿದ. ಅದನ್ನು ಅವನು ಮೂರು ವರ್ಷ ಮೊದಲೇ ಮಾಡಿ ತೋರಿಸಿದ್ದ. 1839ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದ ಮಾಸಪತ್ರಿಕೆಯೊಂದರಲ್ಲಿ ಬಂದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್’ ನೋಡಿ. ಕುದುರೆಯೇರಿ ಬಂದ ನಿರೂಪಕನಿಗೆ ಮನೆ ಕಂಡೊಡನೆ ಮನಸ್ಸು ಕುಸಿಯುತ್ತದೆ. ಬೇರೆ ಕೋನದಿಂದ ನೋಡಿದರೆ ಹಗುರಾದೀತೆಂದು ಪಕ್ಕದ ಕಪ್ಪು ಕೊಳದಲ್ಲಿ ಇಣುಕುತ್ತಾನೆ. ತಲೆಕೆಳಗಾದ ಆ ಬಿಂಬ ಇನ್ನೂ ಮೈ ನಡುಗಿಸುತ್ತದೆ. ಆಮೇಲೆ, ಹೇಳಿಯೂ ಹೇಳದವನಂತೆ ಒಂದು ಮಾತು: ಸೂರಿನಿಂದ ಕೊಳದ ನೀರಿನವರೆಗೆ ಅಂಕುಡೊಂಕಾಗಿ ಇಳಿದ, ಕಣ್ಣಿಗೆ ಬಿದ್ದರೂ ಬೀಳದಂಥ ಬಿರುಕು. ಮುಂದಿನ ಪುಟಗಳಲ್ಲಿ ಅದರ ಸುದ್ದಿಯೇ ಇಲ್ಲ. ಕಾಯಿಲೆ, ಅಕಾಲ ಸಮಾಧಿ, ಬಿರುಗಾಳಿ ಎಲ್ಲ ಮುಗಿದು ನಿರೂಪಕ ಓಡುವಾಗ ರಕ್ತಗೆಂಪು ಚಂದ್ರ ಅದೇ ಬಿರುಕಿನಿಂದ ಬೆಳಗುತ್ತಾನೆ. ಬಿರುಕು ಅಗಲವಾಗುತ್ತದೆ, ಮನೆ ಕೊಳದ ಪಾಲಾಗುತ್ತದೆ.

ಸುತ್ತಲಿನ ರೈತರಿಗೆ ‘ಹೌಸ್ ಆಫ್ ಅಶರ್’ ಎಂದರೆ ಕಟ್ಟಡವೂ ಹೌದು, ವಂಶವೂ ಹೌದು ಎಂದು ಪೋ ಬಿಡಿಸಿ ಹೇಳಬೇಕಾಯಿತು. ಕನ್ನಡದವರಿಗೆ ಆ ಟಿಪ್ಪಣಿ ಬೇಕಿಲ್ಲ: ಮನೆ, ಮನೆತನ, ‘ಮನೆಹಾಳ’ ಎಂದು ಬೈದಾಗ ಹಾಳಾದದ್ದು ಗೋಡೆಯೋ ಕುಲವೋ ಎಂದು ಯಾರೂ ಕೇಳುವುದಿಲ್ಲ.

1842ರ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ನಲ್ಲಿ ಕೆಲಸವೆಲ್ಲ ಕಟ್ಟಡದ ನಕ್ಷೆಯದು. ಏಳು ಕೋಣೆ, ಏಳು ಬಣ್ಣ. ಇಪ್ಪತ್ತು ಮೂವತ್ತು ಗಜಕ್ಕೊಂದು ತಿರುವು, ಹಾಗಾಗಿ ಒಂದು ಕೋಣೆಯಲ್ಲಿ ನಿಂತವನಿಗೆ ಮುಂದಿನದು ಕಾಣದು. ಕೊನೆಯ ಕಪ್ಪು ಕೋಣೆಯ ಗಡಿಯಾರ ಬಡಿದಾಗಲೆಲ್ಲ ವಾದ್ಯ ನಿಲ್ಲುತ್ತದೆ, ಕುಣಿಯುವವರು ತಡವರಿಸುತ್ತಾರೆ. ಮುಂದೆ ಅನುಕರಿಸಿದವರ ಕಣ್ಣಿಗೆ ಬಣ್ಣ ಬಿತ್ತು, ತಿರುವು ಬೀಳಲಿಲ್ಲ. ಗಾಥಿಕ್ ಬರೀ ಅಲಂಕಾರವಾಗಿ ಉಳಿದದ್ದು ಹೀಗೆಯೇ ಇರಬೇಕು.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಕೋಟೆ ಕುಗ್ಗಿ ಬಾಡಿಗೆ ಮನೆಯ ಮಹಡಿ ಕೋಣೆಯಾಯಿತು. ಅಮೆರಿಕದ ಲೇಖಕಿ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರ ಜನವರಿಯಲ್ಲಿ ಪ್ರಕಟಿಸಿದ ‘ದಿ ಯೆಲ್ಲೊ ವಾಲ್‌ಪೇಪರ್’ನಲ್ಲಿ ಹೆರಿಗೆಯಾದ ಹೆಂಗಸನ್ನು ಡಾಕ್ಟರ್ ಗಂಡ ‘ವಿಶ್ರಾಂತಿ’ಗೆಂದು ಅಲ್ಲಿರಿಸುತ್ತಾನೆ. ಗಾಳಿ ಬೆಳಕು ಧಾರಾಳ. ಕಿಟಕಿಗೆ ಸರಳು, ನೆಲಕ್ಕೆ ಮೊಳೆ ಹೊಡೆದ ಮಂಚ. ಹಿಂದೆ ಮಕ್ಕಳ ಕೋಣೆಯಾಗಿತ್ತೇನೋ ಎಂದುಕೊಳ್ಳುತ್ತಾಳೆ. ಗೋಡೆಯ ಬುಡದಲ್ಲಿ ಕೋಣೆಯ ಸುತ್ತಲೂ ಉಜ್ಜಿದ ಉದ್ದನೆಯ ಕಲೆ ಕಂಡು, ಯಾರು ಮಾಡಿದ್ದು ಎಂದು ಬೆರಗಾಗುತ್ತಾಳೆ. ಕೊನೆಗೆ ತೆವಳುತ್ತಾ ಸುತ್ತುವವಳು ಅವಳೇ. ಭುಜ ಆ ಕಲೆಗೆ ಸರಿಯಾಗಿ ಕೂರುತ್ತದೆ. ಇದನ್ನು ಗಾಥಿಕ್ ಎನ್ನಬೇಕೇ ಎಂಬ ಜಗಳಕ್ಕೆ ಆ ಕಲೆಯೇ ಉತ್ತರ ಎಂದು ನನಗನ್ನಿಸುತ್ತದೆ. ಕೋಣೆಯನ್ನು ಕಿತ್ತರೆ ಕತೆಯೇ ಉಳಿಯದು.

ಮೂರೇ ವರ್ಷದಲ್ಲಿ, 1895ರಲ್ಲಿ, ರವೀಂದ್ರನಾಥ ಠಾಕೂರರ ‘ಕ್ಷುಧಿತ ಪಾಷಾಣ’ ಬಂತು. ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಹದಿಹರೆಯದಲ್ಲಿ ಇದ್ದ ಅಹಮದಾಬಾದಿನ ಶಾಹಿಬಾಗ್ ಅರಮನೆಯೇ ಅದರ ಬೀಜ. (ಅದೇ ಅಣ್ಣ ಮುಂದೆ ಕಾರವಾರಕ್ಕೆ ಬಂದರು, ತಮ್ಮನೂ ಬಂದ, ಆ ಕಡಲು ಅವನಿಂದ ಬೇರೆಯೇ ಬಗೆಯ ಬರಹ ಮಾಡಿಸಿತು.) ಕತೆಯಲ್ಲಿ ಹತ್ತಿ ಸುಂಕದ ಅಧಿಕಾರಿಯೊಬ್ಬ ನದಿ ದಡದ ಅರಮನೆಯಲ್ಲಿ ಕೂತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಸ್ನಾನಕ್ಕೆ ಓಡುವ ಹುಡುಗಿಯರು, ಅನ್ನಿಸುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಇದನ್ನೆಲ್ಲ ಅವನು ಹೇಳುತ್ತಿರುವುದು ರೈಲ್ವೆ ಜಂಕ್ಷನ್ನಿನ ತಂಗುಕೋಣೆಯಲ್ಲಿ, ರೈಲು ಕಾಯುತ್ತಾ. ಕಲ್ಲಿನ ಹಸಿವಿನಿಂದ ಪಾರಾಗುವ ದಾರಿ ಇನ್ನೇನು ಬಾಯಿಗೆ ಬರಬೇಕು, ರೈಲು ಬರುತ್ತದೆ. ಗುರುತಿನ ಇಂಗ್ಲಿಷಿನವನೊಬ್ಬ ಅವನನ್ನು ಮೊದಲ ದರ್ಜೆಯ ಡಬ್ಬಿಗೆ ಕರೆದುಕೊಳ್ಳುತ್ತಾನೆ. ಕೇಳುತ್ತಿದ್ದ ಇಬ್ಬರ ಟಿಕೆಟ್ಟು ಎರಡನೇ ದರ್ಜೆಯದು.