ನಾಲ್ಕು ಚಪ್ಪಡಿಗಳ ಬೀಗ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಂದರೆ ಎಲ್ಲರಿಗೂ ಅಶೋಕನ ಶಾಸನವೇ ನೆನಪಾಗುತ್ತದೆ. ಅದೇ ಬೆಟ್ಟದ ಬುಡದಲ್ಲಿ ಕಬ್ಬಿಣ ಯುಗದ ಸಮಾಧಿಗಳ ದೊಡ್ಡ ಗುಂಪೇ ಇದೆ. ಸುತ್ತ ಗುಂಡುಕಲ್ಲುಗಳ ವೃತ್ತ, ನಡುವೆ ಕಲ್ಲು ಮಣ್ಣಿನ ದಿಬ್ಬ, ಅದರೊಳಗೆ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿದ ಕೋಣೆ. ನಮ್ಮ ಹಳ್ಳಿಗಳಲ್ಲಿ ಇಂಥವನ್ನು ಪಾಂಡವರ ಮನೆ, ಮೋರೇರ ಮನೆ ಅನ್ನುತ್ತಾರೆ. ಕುಳ್ಳರು ಕಟ್ಟಿದ್ದು ಅನ್ನುವ ಕಥೆಯೂ ಇದೆ. ಕಟ್ಟಿದವರು ನಮ್ಮಂಥ ಮನುಷ್ಯರೇ, ಅದೂ ಬಲು ಜಾಣರು.

ಮೇಲಿನಿಂದ ನೋಡಿದರೆ ಆ ಚಪ್ಪಡಿಗಳು ಸ್ವಸ್ತಿಕದಂತೆ ಕಾಣುತ್ತವೆ. ಕೂಡಲೇ ಮಂತ್ರ, ಯಂತ್ರ ಅಂತ ಮಾತು ಶುರುವಾಗುತ್ತದೆ. ಮೊದಲು ಮಣ್ಣಿನ ಒತ್ತಡವನ್ನು ನೋಡಬೇಕು, ಅಲ್ವಾ? ಎರಡು ಚಪ್ಪಡಿಗಳ ನಡುವೆ ಇನ್ನೆರಡನ್ನು ಸುಮ್ನೆ ನಿಲ್ಲಿಸಿದರೆ, ಹೊರಗಿನ ಮಣ್ಣು ತಳ್ಳಿದಾಗ ನಡುವಿನವು ಒಳಕ್ಕೆ ಬೀಳುತ್ತವೆ. ತಡೆಯಲು ಏನೂ ಇಲ್ಲ. ಇಲ್ಲಿ ಹಾಗಲ್ಲ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಹೊರಚಾಚಿದೆ, ಇನ್ನೊಂದು ತುದಿ ಮತ್ತೊಂದರ ಒಳಮೈಗೆ ಒತ್ತಿ ನಿಂತಿದೆ. ರಟ್ಟಿನ ಪೆಟ್ಟಿಗೆಯ ನಾಲ್ಕು ಮುಚ್ಚಳಗಳನ್ನು ಒಂದರಡಿ ಒಂದು ಸಿಕ್ಕಿಸುತ್ತೇವಲ್ಲ, ಅದೇ ಉಪಾಯ. ಒಂದು ಒಳಕ್ಕೆ ಬರಬೇಕಾದರೆ ಪಕ್ಕದ್ದರ ಅಂಚು ಅಡ್ಡ ಬರುತ್ತದೆ. ಹೊರಚಾಚಿದ ತುದಿಯ ಮೇಲೂ ಮಣ್ಣು ಒತ್ತುವುದರಿಂದ ಚಪ್ಪಡಿ ಅಷ್ಟು ಸುಲಭವಾಗಿ ತಿರುಗುವುದೂ ಇಲ್ಲ. ಮಣ್ಣು ಜಾಸ್ತಿ ತಳ್ಳಿದಷ್ಟೂ ಬೀಗ ಬಿಗಿ. ಗಾರೆ ಇಲ್ಲ, ಮೊಳೆ ಇಲ್ಲ!

ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಇಷ್ಟು ಚಿಕ್ಕ ಬಾಗಿಲು ಕುಳ್ಳರಿಗೇ ಸರಿ ಅನ್ನುವ ಕಥೆಗೆ ಇದೇ ಆಧಾರ. ಆದರೆ ಒಂದೇ ಕೋಣೆಯಲ್ಲಿ ಹಲವರ ಮೂಳೆಗಳು ಸಿಕ್ಕಿವೆ. ಮುಚ್ಚಿದ ಕೋಣೆಯೊಳಗೆ ಮೂಳೆ, ಮಡಕೆ ಇಡಲು ಇದು ದಾರಿ ಅನ್ನುವುದೇ ಸರಿಯಾದ ವಿವರಣೆ ಅಂತ ನನಗನಿಸುತ್ತದೆ.

ಇಲ್ಲಿ ಮೊದಲು ಅಗೆದವರು ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದರು. ಪದರ ಪದರವಾಗಿ ಅಗೆದು, ಈ ಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಶುರುವಾದವು ಅಂದರು. ಆಗ ಇದ್ದಿಲಿನಂಥ ವಸ್ತುಗಳಲ್ಲಿರುವ ಇಂಗಾಲ ಅಳೆದು ವಯಸ್ಸು ಹೇಳುವ ಕಾಲನಿರ್ಣಯ ಇನ್ನೂ ಬಂದಿರಲಿಲ್ಲ. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನ ಇದ್ದಿಲು ದಕ್ಷಿಣದ ಕಬ್ಬಿಣವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ಹಿಡಿ ಇದ್ದಿಲಿನಿಂದ ಎಂಟು ಶತಮಾನ ಹಿಂದಕ್ಕೆ!

ನಿಧಿ ಹುಡುಕುವವರು ಮೊದಲು ಬಿಸಾಡುವುದು ಇಂಥ ಇದ್ದಿಲನ್ನೇ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಕಟ್ಟಡಕ್ಕೂ ನಿಷೇಧವಿದೆ. ಆದರೆ ಊರಾಚೆಯ ಎಷ್ಟೋ ಕಲ್ಲುವೃತ್ತಗಳಿಗೆ ಬೇಲಿಯೂ ಇಲ್ಲ, ಬೋರ್ಡೂ ಇಲ್ಲ. ಅಲ್ಲಿ ರಾತ್ರೋರಾತ್ರಿ ಒಂದು ಚಪ್ಪಡಿ ಕಿತ್ತರೆ ಸಾಕು, ಉಳಿದ ಮೂರರ ಬೀಗವೂ ಸಡಿಲವಾಗುತ್ತದೆ.